ನಮ್ಮ ಹೈದ ಇಂಡಿಯಾಕ್ಕೆ ಆಡ್ತಾನಾ ಸಾ?

ಕಳೆದ ಬೇಸಿಗೆಯಲ್ಲಿ ಮೈಸೂರಿನಲ್ಲಿ ಹುಡುಗರ ಹಾಕಿ ಟ್ರಯಲ್ಸ್ ನೋಡಲು ಹೋಗಿದ್ದೆ. ಬೇಲಿಯ ಪಕ್ಕ ಮಂಡ್ಯ ಕಡೆಯ ಒಬ್ಬರು ನಿಂತಿದ್ದರು. ಮಗನನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದಿದ್ದರು. ನಾನು ಕಾಲೇಜು ದಿನಗಳಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವನು ಅಂತ ಯಾರೋ ಅವರಿಗೆ ಹೇಳಿದ್ದರು. ಸುತ್ತಿ ಬಳಸಿ ಮಾತಾಡುವ ಜನವಲ್ಲ. ನೇರವಾಗಿ ಕೇಳಿದರು: “ನಮ್ಮ ಹೈದ ಇಂಡಿಯಾಕ್ಕೆ ಆಡ್ತಾನಾ ಸಾ?”

ಹೈದನಿಗೆ ಹದಿಮೂರು ತುಂಬಿತ್ತು. ಸಣಕಲು. ಅವನಿಗಿಂತ ಒಂದು ತಲೆ ಎತ್ತರವಿದ್ದ ಹುಡುಗನೊಬ್ಬ ಆವತ್ತು ನಾಲ್ಕು ಗೋಲು ಹೊಡೆದಿದ್ದ. ಪಕ್ಕದಲ್ಲಿದ್ದ ಕೊಡಗಿನ ಹಿರಿಯರೊಬ್ಬರು ಆ ಎತ್ತರದ ಹುಡುಗನ ಕಡೆ ಕೈ ತೋರಿಸಿ, “ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ, ನೋಡಿ” ಅಂದರು. ಮಂಡ್ಯದವರ ಮುಖ ಸಪ್ಪಗಾಯಿತು.

ಅವರು ಕಬ್ಬು ಬೆಳೆಯುವವರು. ಹಾಗಾಗಿ ಕಬ್ಬಿನ ಲೆಕ್ಕದಲ್ಲೇ ಹೇಳಿದೆ. ಎಂಟು ತಿಂಗಳ ಕಬ್ಬು ಮುರಿದು ಬ್ರಿಕ್ಸ್ (ರಸದ ಸಿಹಿಯ ಅಳತೆ) ನೋಡಿದರೆ ಏನು ಗೊತ್ತಾಗುತ್ತೆ? ಆವತ್ತು ಅದರಲ್ಲಿ ಎಷ್ಟು ಸಿಹಿ ಇದೆ ಅನ್ನೋದು ಗೊತ್ತಾಗುತ್ತೆ. ಕಟಾವಿನ ಹೊತ್ತಿಗೆ ಎಷ್ಟಾಗುತ್ತೆ ಅನ್ನೋದು ಗೊತ್ತಾಗೋದಿಲ್ಲ. ಬೇಗ ಮಾಗುವ ತಳಿ, ತಡವಾಗಿ ಮಾಗುವ ತಳಿ ಎರಡನ್ನೂ ಅಕ್ಕಪಕ್ಕ ನೆಟ್ಟು, ಎಂಟನೇ ತಿಂಗಳಲ್ಲಿ ಹೋಲಿಸಿ, ಎರಡನೆಯದು ದಂಡ ಅಂತ ಯಾವ ರೈತ ತಾನೇ ಕಿತ್ತು ಹಾಕುತ್ತಾನೆ? ಹುಡುಗರ ವಿಷಯದಲ್ಲಿ ಮಾತ್ರ ನಾವು ದಿನಾ ಅದನ್ನೇ ಮಾಡುತ್ತೇವೆ. ಇವತ್ತಿನ ಆಟವನ್ನೇ ನಾಳೆಯ ಆಟ ಅಂದುಕೊಳ್ಳುತ್ತೇವೆ. ಇವತ್ತಿನ ಆಟದೊಳಗೆ ಏನೇನು ಬೆರೆತಿದೆ ಅಂತ ಬಿಡಿಸಿ ನೋಡುವುದಿಲ್ಲ.

ಮೊದಲು ಬೆರೆತಿರುವುದು ಹುಟ್ಟಿದ ತಿಂಗಳು. ವಯಸ್ಸಿನ ಗುಂಪು ಮಾಡುವಾಗ ಒಂದು ದಿನಾಂಕ ಇಟ್ಟುಕೊಳ್ಳಲೇಬೇಕು. 21 ವರ್ಷದೊಳಗಿನವರ ಜೂನಿಯರ್ ವಿಶ್ವಕಪ್‌ಗೆ ಅದು ಜನವರಿ 1. ಜನವರಿ ಮೊದಲ ವಾರ ಹುಟ್ಟಿದವನೂ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವನೂ ಕಾಗದದ ಮೇಲೆ ಒಂದೇ ವಯಸ್ಸಿನವರು. ನಿಜದಲ್ಲಿ ಒಂದು ವರ್ಷದ ಅಂತರ. ಇಪ್ಪತ್ತೈದರ ಪ್ರಾಯದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಹನ್ನೆರಡರಲ್ಲಿ ಅದೇ ದೊಡ್ಡದು. ಇದನ್ನು ಮೊದಲು ಚೆನ್ನಾಗಿ ತೋರಿಸಿಕೊಟ್ಟದ್ದು ಕೆನಡಾದ ಐಸ್ ಹಾಕಿ. ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು 1985ರಲ್ಲಿ ಆಟಗಾರರ ಹುಟ್ಟಿದ ದಿನಾಂಕಗಳನ್ನು ಸಾಲಾಗಿ ಜೋಡಿಸಿದರು. ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರೇ ತಂಡಗಳಲ್ಲಿ ತುಂಬಿದ್ದರು. ಕೊನೆಯ ಮೂರು ತಿಂಗಳವರು ವಿರಳ. ಡಿಸೆಂಬರ್ ಮಕ್ಕಳಿಗೆ ಪ್ರತಿಭೆ ಕಡಿಮೆ ಅಂತ ಯಾರೂ ಹೇಳಲಾರರು, ಅಲ್ವಾ? ಎಂಟೊಂಬತ್ತು ವರ್ಷಕ್ಕೇ ದೊಡ್ಡ ಮೈಯವರನ್ನು ಆರಿಸಿದ್ದಾರೆ. ಅವರಿಗೇ ಜಾಸ್ತಿ ತರಬೇತಿ, ಜಾಸ್ತಿ ಪಂದ್ಯ ಸಿಕ್ಕಿದೆ. ಆಮೇಲೆ ಅವರು ನಿಜವಾಗಿಯೂ ಚೆನ್ನಾಗಿ ಆಡಿದ್ದಾರೆ.

ಇದರ ಬಾಲ ಇನ್ನೂ ಸೊಗಸಾಗಿದೆ. 2013ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್‌ನ ತಂಡಗಳು ಸರದಿ ಪ್ರಕಾರ ಮಾಡುವ ಆಯ್ಕೆಗಳ ಮೇಲೆ ಇನ್ನೊಂದು ಅಧ್ಯಯನ ಬಂತು. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿ, ಹೇಗೋ ಪಾರಾಗಿ ಬಂದು ತಡವಾದ ಸರದಿಯಲ್ಲಿ ಆಯ್ಕೆಯಾದವರು, ಅವರಿಗೆ ಕೊಟ್ಟ ಸ್ಥಾನಕ್ಕಿಂತ ಹೆಚ್ಚು ಚೆನ್ನಾಗಿ ಆಡಿದ್ದರು. ಆಯ್ಕೆಗಾರರು ಅವರ ಬೆಲೆಯನ್ನು ಕಡಿಮೆ ಕಟ್ಟಿದ್ದರು ಅಂತ ಅರ್ಥ.

ನಮ್ಮ ಕಡೆ ಇದಕ್ಕೆ ಒಂದು ತಮಾಷೆಯ ಅಡ್ಡಿ ಇದೆ. ಹಳೆಯ ತಲೆಮಾರಿನಲ್ಲಿ ಅರ್ಧ ಊರಿಗೆ ಊರೇ ಜೂನ್ 1ಕ್ಕೆ ಹುಟ್ಟಿದೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜಾತಕ. ಈಗಿನ ಮಕ್ಕಳಿಗೆ ಜನನ ಪತ್ರ ಇರುತ್ತದೆ, ಪರವಾಗಿಲ್ಲ. ಆದರೂ ವಯಸ್ಸು ಮುಚ್ಚಿಡುವ ಚಾಳಿ ಕ್ರೀಡೆಯಿಂದ ಪೂರ್ತಿ ಹೋಗಿಲ್ಲ. ಅದಕ್ಕೇ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರೆ. ಅದರಲ್ಲೂ ಎಡವಟ್ಟು ಇದೆ. ಬೇಗ ಬೆಳೆದ ಪ್ರಾಮಾಣಿಕ ಹುಡುಗನ ಮೂಳೆ ಅವನ ನಿಜ ವಯಸ್ಸಿಗಿಂತ ಮುಂದೆ ಇರಬಹುದು. ಅವನು ಸುಳ್ಳು ಹೇಳದೆಯೂ ಸಿಕ್ಕಿಬೀಳಬಹುದು.

ಎರಡನೆಯದು ಬೆಳವಣಿಗೆಯ ಹೊತ್ತು. ಹುಡುಗರು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ ದಿಢೀರ್ ಎತ್ತರ ಬೆಳೆಯುತ್ತಾರೆ. ಹುಡುಗಿಯರು ಹನ್ನೊಂದು ಹನ್ನೆರಡರಲ್ಲಿ. ಆದರೆ ಒಬ್ಬನಿಗೆ ಇದು ಹನ್ನೆರಡಕ್ಕೇ ಬರುತ್ತದೆ, ಇನ್ನೊಬ್ಬನಿಗೆ ಹದಿನೈದಾದರೂ ಬರುವುದಿಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೈ ಎರಡು ಮೂರು ವರ್ಷ ಹಿಂದೆ ಮುಂದೆ ಇರಬಹುದು. ನಾಲ್ಕು ಗೋಲು ಹೊಡೆದ ಹುಡುಗನಿಗೆ ಆಗಲೇ ಮೀಸೆ ಚಿಗುರಿತ್ತು. ಅವನ ಗೋಲುಗಳನ್ನು ನೆನಪಿಗೆ ತಂದುಕೊಂಡೆ. ನಾಲ್ಕರಲ್ಲಿ ಮೂರು ಒಂದೇ ತರ. ಚೆಂಡನ್ನು ಮುಂದಕ್ಕೆ ತಳ್ಳು, ಓಡು, ಹಿಡಿ, ಹೊಡೆ. ಎದುರಿನ ಫುಲ್ ಬ್ಯಾಕ್‌ಗಳು, ಅಂದರೆ ಹಿಂದೆ ನಿಂತು ತಡೆಯುವವರು, ಅವನಷ್ಟೇ ಬೆಳೆದ ದಿನ ಈ ದಾರಿ ಮುಚ್ಚುತ್ತದೆ. ಆಗ ಅವನ ಕೈಯಲ್ಲಿ ಬೇರೆ ಏನಿದೆ ಅನ್ನೋದು ಪ್ರಶ್ನೆ. ಅವನು ಕೆಟ್ಟ ಆಟಗಾರ ಅಂತ ನಾನು ಹೇಳುತ್ತಿಲ್ಲ. ಬೇರೆ ಏನನ್ನೂ ತೋರಿಸುವ ಅಗತ್ಯವೇ ಅವನಿಗೆ ಆವತ್ತು ಬೀಳಲಿಲ್ಲ, ಅಷ್ಟೇ.

ಮೂರನೆಯದನ್ನು ನಾನು ಆಟದ ವಯಸ್ಸು ಅನ್ನುತ್ತೇನೆ. ಕೊಡಗಿನ ಹುಡುಗನ ಮನೆಯಲ್ಲಿ ಅಪ್ಪನ ಸ್ಟಿಕ್ ಮೂಲೆಯಲ್ಲಿ ಇರುತ್ತದೆ, ಮಾವ ಜಿಲ್ಲಾ ತಂಡಕ್ಕೆ ಆಡಿರುತ್ತಾನೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಈಗ ನೂರಾರು ಮನೆತನಗಳ ತಂಡಗಳು ಆಡುತ್ತವೆ. ಅಲ್ಲಿ ಅಜ್ಜನೂ ಆಡುತ್ತಾನೆ, ಮೊಮ್ಮಗಳೂ ಆಡುತ್ತಾಳೆ. ಆ ಮನೆಯ ಹುಡುಗ ಹದಿಮೂರಕ್ಕೆ ಏಳೆಂಟು ವರ್ಷ ಆಡಿರುತ್ತಾನೆ. ಮಂಡ್ಯದ ಈ ಹೈದ ಸ್ಟಿಕ್ ಹಿಡಿದು ಎರಡು ವರ್ಷ ಆಗಿತ್ತು. ಇಬ್ಬರ ಡ್ರಿಬಲ್ ಹೋಲಿಸಿ ತೀರ್ಪು ಕೊಡುವುದು ಏಳನೇ ಕ್ಲಾಸಿನವನಿಗೂ ಎರಡನೇ ಕ್ಲಾಸಿನವನಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ.

ಮೈದಾನವೂ ಅಷ್ಟೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಸಲ ಕೃತಕ ಹಾಸಿನ (ಟರ್ಫ್) ಮೇಲೆ ನಡೆಯಿತು. ಅಲ್ಲಿಯವರೆಗೆ ಏಳು ಚಿನ್ನ ಗೆದ್ದಿದ್ದ ಭಾರತ ಆ ಸಲ ಏಳನೇ ಸ್ಥಾನಕ್ಕೆ ಹೋಯಿತು. ದೇಶದ ಅತ್ಯುತ್ತಮ ಆಟಗಾರರಿಗೇ ಹಾಗಾದರೆ, ಮಣ್ಣಿನ ಮೈದಾನದಿಂದ ಬಂದು ಮೊದಲ ಸಲ ಟರ್ಫ್ ಮೇಲೆ ನಿಂತ ಹುಡುಗನ ಗತಿ ಏನು? ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ. ನೀರು ಬಿಟ್ಟ ಟರ್ಫ್ ಮೇಲೆ ಅದು ಜಾರಿಕೊಂಡು ಬರುತ್ತದೆ. ಅವನ ಟ್ರ್ಯಾಪ್, ಅಂದರೆ ಬಂದ ಚೆಂಡನ್ನು ಸ್ಟಿಕ್ಕಿನಲ್ಲಿ ತಡೆದು ನಿಲ್ಲಿಸುವುದು, ಮೊದಲ ಅರ್ಧ ಗಂಟೆ ತಪ್ಪುತ್ತಲೇ ಇರುತ್ತದೆ. ಅಷ್ಟರಲ್ಲಿ ಟ್ರಯಲ್ಸ್ ಮುಗಿದಿರುತ್ತದೆ. ಹೀಗೆ ನಾನೂ ಒಮ್ಮೆ ಮನೆಗೆ ಹೋಗಿದ್ದೇನೆ. ಆ ಸಿಟ್ಟು ಈ ಪ್ಯಾರಾದಲ್ಲಿ ಸ್ವಲ್ಪ ಕಾಣಿಸಿದರೆ ಕ್ಷಮಿಸಿ.

ಇನ್ನು ಒಂದು ಲೆಕ್ಕ. ಇದು ಊಹೆಯ ಲೆಕ್ಕ, ಆದರೆ ವಿಷಯ ಅರ್ಥ ಮಾಡಿಕೊಳ್ಳಲು ಬೇಕು. ಒಂದು ಟ್ರಯಲ್ಸ್‌ಗೆ 200 ಹುಡುಗರು ಬಂದರು ಅಂತ ಇಟ್ಟುಕೊಳ್ಳಿ. ಅವರಲ್ಲಿ ಮುಂದೆ ದೊಡ್ಡ ಮಟ್ಟಕ್ಕೆ ಹೋಗುವವರು ನಾಲ್ವರು. ಆಯ್ಕೆಗಾರರ ಕಣ್ಣು ಎಷ್ಟು ಚುರುಕು ಅಂದರೆ ಆ ನಾಲ್ವರನ್ನೂ ಹಿಡಿಯುತ್ತಾರೆ. ಉಳಿದ 196 ಜನರಲ್ಲಿ ನೂರಕ್ಕೆ ಹತ್ತು ಮಂದಿಯ ಬಗ್ಗೆ ಮಾತ್ರ ತಪ್ಪುತ್ತಾರೆ. ಅಂದರೆ ಸುಮಾರು 20 ಜನರನ್ನು ಸುಮ್ನೆ ಒಳಗೆ ಸೇರಿಸಿಕೊಳ್ಳುತ್ತಾರೆ. ಒಟ್ಟು ಆಯ್ಕೆ 24. ಅದರಲ್ಲಿ ನಿಜವಾದವರು ನಾಲ್ವರು! ಇಷ್ಟು ಚುರುಕಾದ ಕಣ್ಣು ಯಾರಿಗೂ ಇಲ್ಲ ಅನ್ನೋದು ಬೇರೆ ಮಾತು. ಗೆಲ್ಲುವವರು ವಿರಳವಾಗಿದ್ದಾಗ ಎಂಥ ಜಾಣನ ಅಂದಾಜೂ ಬಹುಪಾಲು ತಪ್ಪೇ ಆಗುತ್ತದೆ. ಇದರಲ್ಲಿ ಕೋಚ್‌ಗಳ ತಪ್ಪಿಲ್ಲ, ಲೆಕ್ಕದ ಗುಣವೇ ಅದು. ಕೋಚ್ ಒಬ್ಬರು “ಇವನು ಗ್ಯಾರಂಟಿ” ಅಂದರೆ ಮಾತ್ರ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

21ರ ವಯಸ್ಸಿಗೆ ಬಂದರೂ ಈ ಮಂಜು ಪೂರ್ತಿ ಕರಗುವುದಿಲ್ಲ. 2016ರಲ್ಲಿ ಲಖನೌದಲ್ಲಿ ಭಾರತ ಜೂನಿಯರ್ ವಿಶ್ವಕಪ್ ಗೆದ್ದಿತು. ಆ ತಂಡದ ನಾಯಕ ಹರ್ಜೀತ್ ಸಿಂಗ್. ಒಳ್ಳೆಯ ಆಟಗಾರ. ಆದರೂ ಟೋಕಿಯೋ ಒಲಿಂಪಿಕ್ಸ್ ತಂಡದಲ್ಲಿ ಅವರಿರಲಿಲ್ಲ. ಅದೇ ತಂಡದ ಹರ್ಮನ್‌ಪ್ರೀತ್ ಸಿಂಗ್ ಮುಂದೆ ಹಿರಿಯರ ತಂಡದ ನಾಯಕರಾದರು, 2024ರ ಪ್ಯಾರಿಸ್‌ನಲ್ಲಿ ಹತ್ತು ಗೋಲು ಹೊಡೆದರು, ಕಂಚು ತಂದರು. ಪ್ರಪಂಚ ಗೆದ್ದ ಹುಡುಗರ ನಡುವೆಯೇ ಇಷ್ಟು ವ್ಯತ್ಯಾಸ. ಹದಿಮೂರರ ಹೈದನ ಬಗ್ಗೆ ಏನು ಹೇಳೋದು?

ಹಾಗಂತ ಏನೂ ಹೇಳಲಾಗದು ಅಂತಲ್ಲ. ಕೆಲವು ಗುಣಗಳು ಮೈ ಬೆಳೆದರೂ ಅಷ್ಟಾಗಿ ಬದಲಾಗುವುದಿಲ್ಲ. ನೋಡಬೇಕಾದ್ದು ಅವನ್ನೇ.

ನಾನು ಮೊದಲು ನೋಡುವುದು ಕತ್ತು. ನಗಬೇಡಿ. ಹಾಕಿ ಆಡುವವನು ಬೆನ್ನು ಬಾಗಿಸಿರುತ್ತಾನೆ, ಕಣ್ಣು ನೆಲದ ಕಡೆ ಇರುತ್ತದೆ. ಸ್ಟಿಕ್‌ನ ಒಂದೇ ಮುಖದಿಂದ, ಚಪ್ಪಟೆ ಮುಖದಿಂದ, ಚೆಂಡು ಆಡಬೇಕು. ಎಡಗೈಯವರಿಗೆ ಅಂತ ಬೇರೆ ಸ್ಟಿಕ್ಕೂ ಇಲ್ಲ. ಕಾಲಿಗೆ ಚೆಂಡು ತಗುಲಿದರೆ ಫೌಲ್. ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಹುಡುಗ ಚೆಂಡನ್ನೇ ನೋಡುತ್ತಾ ನಿಂತುಬಿಡುವುದು ಸಹಜ. ಆದರೆ ಕೆಲವರು ಚೆಂಡು ತಮ್ಮ ಕಡೆ ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾರೆ. ಇನ್ನೊಮ್ಮೆ ಪಕ್ಕಕ್ಕೆ. ಚೆಂಡು ಸ್ಟಿಕ್‌ಗೆ ತಾಗುವ ಹೊತ್ತಿಗೆ ಮುಂದಿನ ಪಾಸ್ ಎಲ್ಲಿಗೆ ಅಂತ ತೀರ್ಮಾನ ಆಗಿರುತ್ತದೆ. ನಾರ್ವೆಯ ಗೈರ್ ಯೋರ್ಡೆಟ್ ಅನ್ನುವ ಸಂಶೋಧಕರು ಫುಟ್‌ಬಾಲ್‌ನಲ್ಲಿ ಇದನ್ನು ವರ್ಷಗಟ್ಟಲೆ ಎಣಿಸಿದ್ದಾರೆ. ಚೆಂಡು ಬರುವ ಮೊದಲು ಹೆಚ್ಚು ಸಲ ಸುತ್ತ ನೋಡುವವರ ಪಾಸ್‌ಗಳು ಹೆಚ್ಚು ಗುರಿ ಮುಟ್ಟುತ್ತವೆ. ತಲೆ ಎತ್ತುವುದೇ ಕಷ್ಟವಾದ ಹಾಕಿಯಲ್ಲಿ ಈ ಅಭ್ಯಾಸ ಇನ್ನೂ ಬೆಲೆಯುಳ್ಳದ್ದು ಅನ್ನೋದು ನನ್ನ ಅಭಿಪ್ರಾಯ. ನೀವೇ ಮಾಡಿ ನೋಡಬಹುದು. ಹತ್ತು ನಿಮಿಷ ಚೆಂಡನ್ನು ಮರೆತು ಒಬ್ಬನೇ ಹುಡುಗನ ತಲೆಯನ್ನು ನೋಡಿ. ಎಷ್ಟು ಸಲ ತಿರುಗಿತು ಅಂತ ಎಣಿಸಿ. ಇದಕ್ಕೆ ಮೀಸೆ ಬೇಕಿಲ್ಲ, ಎತ್ತರ ಬೇಕಿಲ್ಲ.

ಎರಡನೆಯದು ಮೊದಲ ಟಚ್. ಚೆಂಡು ನಿಂತಿತೋ ಇಲ್ಲವೋ ಅಂತ ಮಾತ್ರ ನೋಡಬೇಡಿ. ನಿಲ್ಲಿಸುವಾಗಲೇ ಎದುರಾಳಿಯಿಂದ ದೂರಕ್ಕೆ, ತಾನು ಹೋಗಬೇಕಾದ ಕಡೆಗೆ ಅದನ್ನು ಇಟ್ಟನಾ? ಸತ್ತ ಹಾಗೆ ಪಾದದ ಮುಂದೆ ನಿಲ್ಲಿಸಿಕೊಂಡರೆ ಇನ್ನೊಂದು ಟಚ್ ಬೇಕು. ಅಷ್ಟರಲ್ಲಿ ಟ್ಯಾಕಲ್ ಬಂದಿರುತ್ತದೆ.

ಮೂರನೆಯದು ಚೆಂಡು ಕಳೆದುಕೊಂಡ ಮೇಲಿನ ಮೂರು ಸೆಕೆಂಡ್. ಕೈ ಚೆಲ್ಲಿ ನಿಂತನಾ, ಅಂಪೈರ್ ಕಡೆ ನೋಡಿದನಾ, ಜೊತೆಯವನ ಮೇಲೆ ರೇಗಿದನಾ, ಬೆನ್ನಟ್ಟಿದನಾ? ಈಗಿನ ಹಾಕಿಯಲ್ಲಿ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಹಾಗಾಗಿ ಮೈದಾನದಲ್ಲಿ ಇದ್ದಷ್ಟು ಹೊತ್ತೂ ಪೂರ್ತಿ ಓಡಲೇಬೇಕು. ಫಾರ್ವರ್ಡ್ ಅಂತ ಸೊಂಟದ ಮೇಲೆ ಕೈ ಇಟ್ಟು ಮೇಲೆ ನಿಲ್ಲುವ ಕಾಲ ಹೋಯಿತು.

ನಾಲ್ಕನೆಯದು ಒಂದೇ ದಿನದಲ್ಲಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಅದೇ. ಕಲಿಯುವ ವೇಗ. ಹುಡುಗನಿಗೆ ಗೊತ್ತಿಲ್ಲದ ಒಂದು ಹೊಸ ವಿಷಯ ಹೇಳಿಕೊಡಿ. ಉದಾಹರಣೆಗೆ, ಓಡುತ್ತಲೇ ರಿವರ್ಸ್ ಸ್ಟಿಕ್‌ನಲ್ಲಿ, ಅಂದರೆ ಸ್ಟಿಕ್ ಮಗುಚಿ ಹಿಡಿದು, ಚೆಂಡು ತೆಗೆದುಕೊಂಡು ಎಡಕ್ಕೆ ತಿರುಗುವುದು. ಆವತ್ತು ಎಲ್ಲರೂ ಎಡವುತ್ತಾರೆ. ಮೂರು ವಾರ ಬಿಟ್ಟು ಬನ್ನಿ. ಕೆಲವರು ಅಲ್ಲೇ ಇರುತ್ತಾರೆ. ಕೆಲವರು ಡ್ರಿಲ್‌ನಲ್ಲಿ ಮಾಡುತ್ತಾರೆ, ಪಂದ್ಯದಲ್ಲಿ ಮಾಡುವುದಿಲ್ಲ. ಒಬ್ಬಿಬ್ಬರು ಮಾತ್ರ ಪಂದ್ಯದಲ್ಲಿ, ಒತ್ತಡದಲ್ಲಿ, ಯಾರೂ ಹೇಳದೆ ಅದನ್ನು ಬಳಸುತ್ತಾರೆ. ಆ ಒಬ್ಬಿಬ್ಬರ ಹೆಸರು ಬರೆದಿಟ್ಟುಕೊಳ್ಳಿ. ಇವತ್ತು ಎಲ್ಲಿದ್ದಾನೆ ಅನ್ನುವುದಕ್ಕಿಂತ ಯಾವ ವೇಗದಲ್ಲಿ ಹತ್ತುತ್ತಿದ್ದಾನೆ ಅನ್ನೋದೇ ಹೆಚ್ಚು ಹೇಳುತ್ತದೆ.

ಓಟದ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ದಮ್ಮು ತರಬೇತಿಯಿಂದ ಸಾಕಷ್ಟು ಬೆಳೆಯುತ್ತದೆ. ದಮ್ಮು ಅಳೆಯುವ ಯೋ-ಯೋ ಟೆಸ್ಟ್‌ನಲ್ಲಿ ಹದಿಮೂರರ ಹುಡುಗ ಎಲ್ಲಿ ನಿಂತ ಅನ್ನೋದು ನನಗೆ ಮುಖ್ಯವಲ್ಲ. ಶುದ್ಧ ವೇಗ ಹಾಗಲ್ಲ, ಅದರಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು. ಭಾರತ ತಂಡದ ಫಾರ್ವರ್ಡ್ ಆಗಿದ್ದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಓಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಡುವ ಜಾಗವನ್ನೂ ಬೇಗ ಗಂಟು ಹಾಕಬಾರದು. ಪಿ.ಆರ್. ಶ್ರೀಜೇಶ್ ಹನ್ನೆರಡರಲ್ಲಿ ತಿರುವನಂತಪುರದ ಕ್ರೀಡಾ ಶಾಲೆಗೆ ಸೇರಿದಾಗ ಗುಂಡು ಎಸೆತ, ವಾಲಿಬಾಲ್ ಅಂತ ಓಡಾಡುತ್ತಿದ್ದ ಹುಡುಗ. ಗೋಲ್‌ಕೀಪರ್ ಆಗು ಅಂದವರು ಅಲ್ಲಿನ ಕೋಚ್. 2006ರಲ್ಲೇ ಭಾರತ ತಂಡಕ್ಕೆ ಬಂದರೂ ನೆಲೆ ನಿಲ್ಲಲು ಸುಮಾರು ಐದು ವರ್ಷ ಬೇಕಾಯಿತು. ಆಮೇಲೆ ನಾಲ್ಕು ಒಲಿಂಪಿಕ್ಸ್ ಆಡಿದರು, 36ನೇ ವಯಸ್ಸಿನಲ್ಲಿ ಪದಕ ಹಿಡಿದೇ ನಿವೃತ್ತರಾದರು. ಕೀಪರ್‌ಗಳು ತಡವಾಗಿ ಮಾಗುತ್ತಾರೆ. ಡ್ರ್ಯಾಗ್ ಫ್ಲಿಕ್, ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಬೀಸುವುದು, ಮಾಡುವವರ ಕಥೆ ಬೇರೆ. ಅದಕ್ಕೆ ಸೊಂಟ, ಬೆನ್ನು ಗಟ್ಟಿಯಾಗಬೇಕು. ನಮ್ಮ ವಿ.ಆರ್. ರಘುನಾಥ್ ಹಾಗೆ ಆಗಲಿ ಅಂತ ಹನ್ನೆರಡರ ಹುಡುಗನಿಂದ ದಿನಕ್ಕೆ ನೂರು ಫ್ಲಿಕ್ ಮಾಡಿಸಿದರೆ ಬೆನ್ನುಮೂಳೆಗೆ ಪೆಟ್ಟು.

ಇಲ್ಲಿ ಯಾರಾದರೂ ಮಹಿಳಾ ಹಾಕಿಯ ರಾಣಿ ರಾಂಪಾಲ್ ಹೆಸರು ಎತ್ತೇ ಎತ್ತುತ್ತಾರೆ. ಹದಿನಾಲ್ಕಕ್ಕೇ ಭಾರತ ತಂಡ, ಹದಿನೈದಕ್ಕೆ 2010ರ ವಿಶ್ವಕಪ್. ನಿಜ. ಮೊಳಕೆಯಲ್ಲೇ ಕಂಡ ಸಿರಿ ಅದು. ಅವರು ಹುಟ್ಟಿದ್ದು ಡಿಸೆಂಬರ್‌ನಲ್ಲಿ ಅನ್ನೋದನ್ನೂ ಸೇರಿಸಿಕೊಳ್ಳಿ. ಹರ್ಮನ್‌ಪ್ರೀತ್ ಜನವರಿಯವರು. ಒಬ್ಬೊಬ್ಬರ ಕಥೆಯಿಂದ ಯಾವ ನಿಯಮವೂ ನಿಲ್ಲುವುದಿಲ್ಲ, ಬೀಳುವುದೂ ಇಲ್ಲ. ಒಟ್ಟಾರೆ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಜರ್ಮನಿಯ ಆರ್ನೆ ಗುಲ್ಲಿಶ್ ಮತ್ತು ಜೊತೆಗಾರರು ಹಲವು ಆಟಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2021ರಲ್ಲಿ ಬರೆದರು. ವಿಶ್ವಮಟ್ಟ ಮುಟ್ಟಿದವರು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತವರಿಗಿಂತ ತಡವಾಗಿ ತಮ್ಮ ಮುಖ್ಯ ಆಟ ಶುರು ಮಾಡಿದ್ದರು, ಚಿಕ್ಕಂದಿನಲ್ಲಿ ಬೇರೆ ಆಟಗಳನ್ನೂ ಆಡಿದ್ದರು, ಮೊದಮೊದಲು ನಿಧಾನವಾಗಿ ಮೇಲೆ ಬಂದಿದ್ದರು. ಕೊಕ್ಕೊ, ಕಬಡ್ಡಿ ಆಡಿಕೊಂಡಿರುವ ಮಂಡ್ಯದ ಹೈದನಿಗೆ ಇದು ಕೆಟ್ಟ ಸುದ್ದಿಯಲ್ಲ.

ಇನ್ನು ಹೊಟ್ಟೆಪಾಡಿನ ಮಾತು. “ಇಂಡಿಯಾಕ್ಕೆ ಆಡ್ತಾನಾ” ಅಂತ ಕೇಳುವ ಅಪ್ಪನ ಮನಸ್ಸಿನಲ್ಲಿ ಇರುವ ಇನ್ನೊಂದು ಪ್ರಶ್ನೆ, “ಬದುಕು ಆಗುತ್ತಾ?” ಒಲಿಂಪಿಕ್ಸ್ ತಂಡದಲ್ಲಿ ಇರುವುದು 16 ಜಾಗ. 2017ರ ನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಆ ಸಲ ಪುರುಷರ ಎಂಟು ತಂಡ, ತಂಡಕ್ಕೆ 24 ಆಟಗಾರರು, ಅದರಲ್ಲಿ ಎಂಟು ಮಂದಿ ವಿದೇಶದವರು. ಭಾರತದವರಲ್ಲಿ ನಾಲ್ವರು ಜೂನಿಯರ್‌ಗಳು ಇರಲೇಬೇಕು ಅನ್ನೋ ಒಳ್ಳೆಯ ನಿಯಮ ಇತ್ತು. ಆ ಹರಾಜಿನಲ್ಲಿ ಹರ್ಮನ್‌ಪ್ರೀತ್‌ಗೆ 78 ಲಕ್ಷ ಸಿಕ್ಕಿತು, ಕೆಳಗಿನ ಮೂಲ ಬೆಲೆ 2 ಲಕ್ಷ. ಅದೂ ಕೆಲವೇ ವಾರಗಳ ಲೀಗ್. ಹಾಗಾಗಿ ನಮ್ಮಲ್ಲಿ ಹಾಕಿಯಿಂದ ಬದುಕು ಕಟ್ಟಿಕೊಂಡವರಲ್ಲಿ ಬಹುಪಾಲು ಜನ ಸ್ಪೋರ್ಟ್ಸ್ ಕೋಟಾದ ಕೆಲಸದವರು. ರೈಲ್ವೆ, ಸೇನೆ, ಪೊಲೀಸ್, ತೈಲ ಕಂಪನಿ, ಬ್ಯಾಂಕು. ಇಂಡಿಯಾ ಆಡದಿದ್ದರೂ ಹಾಕಿಯಿಂದಲೇ ಮನೆ ಕಟ್ಟಿಸಿದವರು ಮೈಸೂರಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ನನ್ನ ದೃಷ್ಟಿಯಲ್ಲಿ ಅದೂ ಗೆಲುವೇ. ಆ ಕೆಲಸಕ್ಕೆ ಕನಿಷ್ಠ ಓದು ಬೇಕು. ಅದಕ್ಕೇ ಎಸ್ಸೆಸ್ಸೆಲ್ಸಿ ವರ್ಷ ಸ್ಟಿಕ್ ಅಟ್ಟಕ್ಕೆ ಹಾಕಿಸುವ ಅಪ್ಪಂದಿರೂ ತಪ್ಪು ಮಾಡುತ್ತಾರೆ, ಪುಸ್ತಕ ಅಟ್ಟಕ್ಕೆ ಹಾಕಿಸುವ ಕೋಚ್‌ಗಳೂ ತಪ್ಪು ಮಾಡುತ್ತಾರೆ.

ಆವತ್ತು ಬೇಲಿಯ ಪಕ್ಕ ಇಷ್ಟೆಲ್ಲ ಹೇಳಲಿಲ್ಲ. ಅಷ್ಟು ಹೊತ್ತೂ ಇರಲಿಲ್ಲ. ಹೈದನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಎತ್ತರದ ಹುಡುಗನದು ಬಂತು, ಬರಬೇಕಾದ್ದೇ. ಆದರೆ ಎರಡನೇ ಪಂದ್ಯದಲ್ಲಿ ಹೈದ ರೈಟ್ ಹಾಫ್ ಜಾಗದಲ್ಲಿ (ಮಧ್ಯದ ಸಾಲಿನ ಬಲಗಡೆ) ಚೆಂಡು ಬರುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡುವುದನ್ನು ನಾನು ಎಣಿಸುತ್ತಿದ್ದೆ. ಹನ್ನೊಂದು ಸಲ. ಟ್ರ್ಯಾಪ್ ಅದರಲ್ಲಿ ಐದು ಸಲ ತಪ್ಪಿತು, ಮಣ್ಣಿನ ಮೈದಾನದ ಕೈ. ಅವನ ಅಪ್ಪನಿಗೆ ಎರಡನ್ನೂ ಹೇಳಿದೆ.

“ಇಂಡಿಯಾ ಆಡ್ತಾನೆ ಅಂತ ಹೇಳೋಕೆ ನನಗೆ ಬರಲ್ಲ. ಆಡಲ್ಲ ಅಂತ ಹೇಳೋಕೆ ಯಾರಿಗೂ ಬರಲ್ಲ,” ಅಂದೆ. ತಿಂಗಳಿಗೆ ಎರಡು ಸಲವಾದರೂ ಟರ್ಫ್ ಮೇಲೆ ಆಡಿಸಿ, ಮುಂದಿನ ವರ್ಷ ಮತ್ತೆ ಕರೆತನ್ನಿ, ಮಧ್ಯೆ ಶಾಲೆ ಬಿಡಿಸಬೇಡಿ. ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ ಅಂದೆ. ಮೂರು ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ಬೆನ್ನು ಒರಗಿಸಿ ನಿಲ್ಲಿಸಿ ಎತ್ತರ ಗುರುತು ಹಾಕಿ, ತಾರೀಕು ಬರೆಯಿರಿ. ವರ್ಷಕ್ಕೆ ಎಂಟು ಹತ್ತು ಸೆಂಟಿಮೀಟರ್ ಲೆಕ್ಕದಲ್ಲಿ ಏರತೊಡಗಿತು ಅಂದರೆ ಅವನ ಹೊತ್ತು ಬಂದಿದೆ. ಆಗ ಕೆಲವು ತಿಂಗಳು ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಬಂದಿದ್ದ ಟ್ರ್ಯಾಪೂ ತಪ್ಪುತ್ತದೆ, ಮಂಡಿಯ ಕೆಳಗೆ ನೋವು ಅನ್ನುತ್ತಾನೆ. ಬೈಯಬೇಡಿ, ಓಟ ಸ್ವಲ್ಪ ಕಡಿಮೆ ಮಾಡಿಸಿ.

ಅವರು ಜೇಬಿನಿಂದ ಬಸ್ ಟಿಕೆಟ್ ತೆಗೆದು ಅದರ ಹಿಂದೆ ಬರೆದುಕೊಂಡರು. ಮೊನ್ನೆ ಫೋನ್ ಮಾಡಿದ್ದರು. ಚೌಕಟ್ಟಿನ ಮೇಲೆ ಈಗ ಮೂರು ಗೆರೆ. ಮೊದಲ ಎರಡರ ನಡುವೆ ಒಂದು ಬೆರಳು ಅಂತರ, ಕೊನೆಯ ಎರಡರ ನಡುವೆ ಎರಡು ಬೆರಳು.